ಕುಮಾರಪರ್ವತ ಒಂದೇ ದಿನದಲ್ಲಿ: ಶರತ್ಕಾಲದ ಚಾರಣಕ್ಕೆ ಸಮಗ್ರ ಮಾರ್ಗದರ್ಶಿ

ಕುಮಾರಪರ್ವತಕ್ಕೆ ಹೋಗಿ ಬಂದವರು ಹತ್ತಿದ ಕಥೆ ಹೇಳುತ್ತಾರೆ. ನಾನು ಇಳಿದ ಕಥೆಯಿಂದ ಶುರು ಮಾಡುತ್ತೇನೆ. ಮೊದಲ ಸಲ ಹೋದಾಗ ಮಧ್ಯಾಹ್ನ ಎರಡೂವರೆಗೆ ನಾವು ಮೂವರು ತುದಿಯಲ್ಲಿ ಕುಳಿತು ಚಿತ್ರಾನ್ನ ತಿನ್ನುತ್ತಿದ್ದೆವು. ನವೆಂಬರಿನ ಹಿತವಾದ ಬಿಸಿಲು, ಕೆಳಗೆ ಮೋಡ. ಎದ್ದು ಹೋಗಲು ಯಾರಿಗೂ ಮನಸ್ಸಿರಲಿಲ್ಲ. ದಾರಿಯ ನಡುವೆ ಸಿಗುವ ಗಿರಿಗದ್ದೆಗೆ ಬರುವಷ್ಟರಲ್ಲಿ ಹೊತ್ತು ಮುಳುಗಿತು. ಅಲ್ಲಿಂದ ಕೆಳಗಿನ ಕಾಡಿಗೆ ಕಾಲಿಟ್ಟಾಗ ಅಂಗೈ ಕಾಣದ ಕತ್ತಲು. ಮೂವರ ಪೈಕಿ ಒಬ್ಬನ ಮೊಬೈಲಿನಲ್ಲಿ ಮಾತ್ರ ಚಾರ್ಜು ಉಳಿದಿತ್ತು. ಬೇರಿನಿಂದ ಬೇರಿಗೆ ಕುಳಿತು ಜಾರಿಕೊಂಡು ಕುಕ್ಕೆ ತಲುಪಿದಾಗ ರಾತ್ರಿ ಒಂಬತ್ತು ದಾಟಿತ್ತು. ದಾರಿ ಬದಿಯ ಮನೆಯ ಅಂಗಳದಲ್ಲಿದ್ದ ಹಿರಿಯರೊಬ್ಬರು ನಮ್ಮ ಅವಸ್ಥೆ ನೋಡಿ, "ಎಂತ ಮಾರಾಯ್ರೇ, ಗುಡ್ಡೆಯಲ್ಲಿ ಗಡಿಯಾರ ಇರುದಿಲ್ವಾ?" ಎಂದು ಕೇಳಿದರು.

ಆ ಪ್ರಶ್ನೆಗೆ ಉತ್ತರವಾಗಿ ಈ ಮಾರ್ಗದರ್ಶಿ ಬರೆದಿದ್ದೇನೆ. ಈ ಬೆಟ್ಟದಲ್ಲಿ ರಾತ್ರಿ ಟೆಂಟ್ ಹಾಕಿ ತಂಗುವ ಕಾಲ ಮುಗಿದಿದೆ. ಹತ್ತುವುದು, ಇಳಿಯುವುದು ಎರಡೂ ಒಂದೇ ಹಗಲಿನಲ್ಲಿ ಆಗಬೇಕು. ಹಾಗಾಗಿ ನೀವು ಅಳೆದು ಖರ್ಚು ಮಾಡಬೇಕಾದದ್ದು ಬೆಳಕನ್ನು.

ಮೊದಲು ಲೆಕ್ಕ

ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿದೆ. ಕೊಡಗಿನವರು ಪುಷ್ಪಗಿರಿ ಎನ್ನುವ ಕುಮಾರಪರ್ವತದ ತುದಿ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರು. ಒಂದು ಮಹಡಿಗೆ ಮೂರು ಮೀಟರ್ ಎಂದು ಹಿಡಿದರೆ ಐನೂರಕ್ಕೂ ಹೆಚ್ಚು ಮಹಡಿ ಹತ್ತಿದಂತೆ. ಗಿರಿಗದ್ದೆ ಮಾರ್ಗದಲ್ಲಿ ಒಂದು ಕಡೆಗೆ ಸುಮಾರು 13 ಕಿಲೋಮೀಟರ್, ಹೋಗಿ ಬರಲು 26. ಕರ್ನಾಟಕದಲ್ಲಿ ಒಂದು ದಿನದ ಚಾರಣಗಳು ಬೇಕಾದಷ್ಟಿವೆ, ಇಷ್ಟು ಏರು ಇರುವಂಥವು ಬಹಳ ಕಡಿಮೆ.

ಬೆಟ್ಟದಲ್ಲಿ ಹೊತ್ತು ಅಂದಾಜು ಮಾಡಲು ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದಿದೆ: ಪ್ರತಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ಬೆಟ್ಟಕ್ಕೆ ಹಾಕಿ ನೋಡಿದರೆ ದೂರಕ್ಕೆ ಎರಡು ಗಂಟೆ ನಲವತ್ತು ನಿಮಿಷ, ಏರಿಗೆ ಮತ್ತೆ ಅಷ್ಟೇ, ಒಟ್ಟು ಐದು ಗಂಟೆ ಇಪ್ಪತ್ತು ನಿಮಿಷ. ಇದು ಚಳಿ ದೇಶದಲ್ಲಿ ಗಟ್ಟಿ ಕಾಲಿನವರು ನಿಲ್ಲದೆ ನಡೆಯುವ ಲೆಕ್ಕ. ಕರಾವಳಿಯ ಸೆಖೆ, ಬುತ್ತಿ, ಫೋಟೊ, ಉಂಬಳ (ಜಿಗಣೆ) ಕೀಳಲು ನಿಲ್ಲುವ ಹೊತ್ತು ಎಲ್ಲ ಸೇರಿಸಿ ಏಳು ಗಂಟೆ ಎಂದು ಇಟ್ಟುಕೊಳ್ಳಿ. ಇಳಿಯಲು ಐದು. ಒಟ್ಟು ಹನ್ನೆರಡು ಗಂಟೆ.

ಈಗ ಬೆಳಕಿನ ಕಡೆ ನೋಡಿ. ನವೆಂಬರ್ ಮೊದಲ ವಾರದಲ್ಲಿ ಕುಕ್ಕೆಯಲ್ಲಿ ಸೂರ್ಯೋದಯ ಬೆಳಿಗ್ಗೆ 6.20ರ ಹೊತ್ತಿಗೆ, ಸೂರ್ಯಾಸ್ತ ಸಂಜೆ 6ಕ್ಕೆ. ಹಗಲು ಹನ್ನೆರಡು ಗಂಟೆಯೂ ಇಲ್ಲ. ಹತ್ತು ನಿಮಿಷ ಕೂಡ ಕೈಯಲ್ಲಿ ಉಳಿಯುವುದಿಲ್ಲ ಎಂಬುದು ಕಾಗದದ ಮೇಲೆಯೇ ಗೊತ್ತಾಗುತ್ತದೆ. ಇದನ್ನು ನೋಡಿ ಎದೆ ಝಲ್ಲೆಂದರೆ ಸೋಮವಾರಪೇಟೆ ಕಡೆಯ ಬೀದಳ್ಳಿ ಮಾರ್ಗವನ್ನು ಯೋಚಿಸಿ. ಅಲ್ಲಿ ಹೊರಡುವ ಜಾಗವೇ ಘಟ್ಟದ ಮೇಲಿದೆ, ದೂರ ಹೆಚ್ಚುಕಡಿಮೆ ಅರ್ಧ. ಮೊದಲ ಸಲ ಬೆಟ್ಟ ಹತ್ತುವವರಿಗೆ ನಾನು ಸಂಕೋಚವಿಲ್ಲದೆ ಬೀದಳ್ಳಿಯನ್ನೇ ಹೇಳುತ್ತೇನೆ. ಗಿರಿಗದ್ದೆ ಕಡೆಯಿಂದಲೇ ಹತ್ತಬೇಕು ಎನ್ನುವ ಹಟ ಇದ್ದವರು ಮುಂದೆ ಓದಿ.

ಯಾವ ವಾರ ಹೋಗಬೇಕು

ನಮ್ಮ ಶರದೃತು ಎಂದರೆ ಆಶ್ವಯುಜ, ಕಾರ್ತಿಕ. ಇಲ್ಲಿ ಎಲೆಗಳು ಕೆಂಪಾಗಿ ಉದುರುವುದಿಲ್ಲ, ಕಾಡು ಹಸಿರಾಗಿಯೇ ಇರುತ್ತದೆ. ಬಣ್ಣ ಬದಲಿಸುವುದು ಹುಲ್ಲು. ಅಕ್ಟೋಬರ್ ಮೊದಲಲ್ಲಿ ಆಳೆತ್ತರ ಬೆಳೆದು ಹಸಿರಾಗಿ ತೂಗುವ ಹುಲ್ಲು ದೀಪಾವಳಿ ದಾಟುತ್ತಿದ್ದಂತೆ ತೆನೆ ಬಿಟ್ಟು ಹೊಂಬಣ್ಣಕ್ಕೆ ತಿರುಗುತ್ತದೆ. ತುದಿಗಿಂತ ಮೊದಲು ಸಿಗುವ ಶೇಷಪರ್ವತದ ಬೆನ್ನಿನ ಮೇಲೆ ಆ ಹೊಂಬಣ್ಣ, ಅದರ ಮಡಿಕೆಗಳಲ್ಲಿ ಕಡುಹಸಿರು ಶೋಲಾ ಕಾಡು. ವರ್ಷದ ಬೇರೆ ಯಾವ ತಿಂಗಳಲ್ಲೂ ಬೆಟ್ಟ ಇಷ್ಟು ಚೆಂದ ಕಾಣುವುದಿಲ್ಲ.

ಚೆಂದದ ಜೊತೆ ತಕರಾರೂ ಇದೆ. ಅಕ್ಟೋಬರಿನಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟಂತೆ ಇರುತ್ತದೆ, ಮಧ್ಯಾಹ್ನ ಎರಡು ಮೂರು ಗಂಟೆಗೆ ಗುಡುಗು ಶುರು. ಮುಂಗಾರು ಹಿಂದೆ ಸರಿಯುವಾಗಲೂ ಹಿಂಗಾರು ಬರುವಾಗಲೂ ಇದು ಇದ್ದದ್ದೇ. ಬೆಳಗಿನ ಬಿಸಿಲಿಗೆ ಒದ್ದೆ ನೆಲದ ಗಾಳಿ ಕಾದು ಮೇಲೇರುತ್ತದೆ, ಘಟ್ಟದ ಗೋಡೆ ಅದನ್ನು ಇನ್ನಷ್ಟು ಮೇಲೆ ತಳ್ಳುತ್ತದೆ, ಸಂಜೆಯೊಳಗೆ ಮೋಡ ಕಟ್ಟಿ ಸಿಡಿಲು. ನನ್ನ ಆಯ್ಕೆ ನವೆಂಬರಿನ ಮೊದಲ ಮೂರು ವಾರ. ಆ ಹೊತ್ತಿಗೆ ಗುಡುಗು ಕಡಿಮೆಯಾಗಿರುತ್ತದೆ, ತೊರೆಗಳಲ್ಲಿ ನೀರು ಉಳಿದಿರುತ್ತದೆ, ಉಂಬಳವೂ ತಗ್ಗುತ್ತಿರುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಸುದ್ದಿ ಬಂದ ವಾರ ಮಾತ್ರ ಹೊರಡಬೇಡಿ. ಚೆನ್ನೈ ಕಡೆಯ ಮಳೆ ಮೋಡ ಘಟ್ಟದವರೆಗೂ ಬರುತ್ತದೆ.

ಪಂಚಾಂಗವನ್ನೂ ಒಮ್ಮೆ ತೆರೆಯಿರಿ. ಮಾರ್ಗಶಿರ ಶುದ್ಧ ಷಷ್ಠಿಯ ಚಂಪಾಷಷ್ಠಿ ಜಾತ್ರೆಗೆ ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆಶ್ಲೇಷಾ ನಕ್ಷತ್ರದ ದಿನಗಳಲ್ಲೂ ರೂಮು ಸಿಗುವುದು ಕಷ್ಟ. ಶನಿವಾರ, ಭಾನುವಾರ ಬಿಟ್ಟು ವಾರದ ದಿನ ರಜೆ ಹಾಕಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಟಿಕೆಟ್

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಈ ದಾರಿಯಲ್ಲಿ ಜನ ಸಂತೆಯಂತೆ ಕಿಕ್ಕಿರಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನು ನಿಲ್ಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಜಾಲತಾಣದ ಮೂಲಕ ಮುಂಗಡ ಟಿಕೆಟ್ ಪಡೆಯುವ ವ್ಯವಸ್ಥೆ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಬಂತು. ಟಿಕೆಟ್ ಇಲ್ಲದೆ ಕುಕ್ಕೆಗೆ ಬಂದು ಸ್ಥಳದಲ್ಲೇ ನೋಡಿಕೊಳ್ಳೋಣ ಎನ್ನಬೇಡಿ, ದೇವಸ್ಥಾನ ನೋಡಿ ವಾಪಸ್ ಹೋಗಬೇಕಾಗುತ್ತದೆ. ಮಳೆಗಾಲದಲ್ಲೂ ಕಾಡ್ಗಿಚ್ಚಿನ ಬೇಸಿಗೆಯಲ್ಲೂ ದಾರಿ ಮುಚ್ಚುವುದುಂಟು. ಗೇಟು ತೆರೆಯುವ ಹೊತ್ತು, ಶುಲ್ಕ, ಎರಡೂ ಕಡೆಯ ದಾರಿ ತೆರೆದಿದೆಯೇ ಎಂಬುದನ್ನು ಟಿಕೆಟ್ ಮಾಡುವ ದಿನವೇ ಜಾಲತಾಣದಲ್ಲಿ ನೋಡಿಕೊಳ್ಳಿ. ಟಿಕೆಟ್ಟಿನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಜೊತೆಗೆ ಇಟ್ಟುಕೊಳ್ಳಿ.

ಈ ಕಟ್ಟುಪಾಡಿನ ಬಗ್ಗೆ ಗೊಣಗುವವರಿದ್ದಾರೆ. ನನಗೆ ಮಾತ್ರ ಒಳ್ಳೆಯದೇ ಆಯಿತು ಅನ್ನಿಸುತ್ತದೆ. ಇದು ಪುಷ್ಪಗಿರಿ ವನ್ಯಜೀವಿಧಾಮ, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಒಂದು. ಸಂತೆಗೆ ಬೇರೆ ಜಾಗಗಳಿವೆ.

ಆರು ವಾರ ಮುಂಚಿನಿಂದ ಮೈ ತಯಾರಿ

ಜಿಮ್ ಬೇಡ, ಮೆಟ್ಟಿಲು ಸಾಕು. ಮೊದಲ ವಾರ ದಿನಕ್ಕೆ ಇಪ್ಪತ್ತು ಮಹಡಿ ಹತ್ತಿ ಇಳಿಯಿರಿ, ವಾರಕ್ಕೆ ನಾಲ್ಕು ದಿನ. ಐದನೆಯ ವಾರಕ್ಕೆ ಅದು ಎಂಬತ್ತು ಮಹಡಿಗೆ ಬರಲಿ, ಬೆನ್ನಿಗೆ ಐದು ಕಿಲೋ ಚೀಲ ಇರಲಿ. ಅಪಾರ್ಟ್‌ಮೆಂಟಿನಲ್ಲಿ ಇರುವವರು ಹತ್ತಿ ಹೋಗಿ ಲಿಫ್ಟಿನಲ್ಲಿ ಇಳಿದು ಬರುತ್ತಾರೆ. ಆ ತಪ್ಪು ಮಾಡಬೇಡಿ, ಇಳಿಯುವುದೇ ಮುಖ್ಯ. ಇಳಿಯುವಾಗ ತೊಡೆಯ ಸ್ನಾಯು ಭಾರ ತಡೆಯುತ್ತಲೇ ಉದ್ದವಾಗುತ್ತದೆ. ಇದು ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಗಾಯಗಳಾಗಿ ಎರಡನೆಯ ದಿನ ಕುಕ್ಕರುಗಾಲಿನಲ್ಲಿ ಕೂರಲೂ ಆಗುವುದಿಲ್ಲ. ಮೊದಲೇ ಕೆಲವು ಸಲ ಇಳಿದು ಪಳಗಿದ ಕಾಲಿಗೆ ಅಷ್ಟು ನೋವಾಗುವುದಿಲ್ಲ.

ನಾಲ್ಕನೆಯ ವಾರದ ಕೊನೆಗೆ ಒಂದು ಪರೀಕ್ಷೆ ಇಟ್ಟುಕೊಳ್ಳಿ. ಬೆಂಗಳೂರಿನವರು ಶಿವಗಂಗೆಯನ್ನು ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿಯಲಿ, ಮೈಸೂರಿನವರು ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ನಾಲ್ಕು ಸಲ. ಮಂಡಿ ನೋವಿಲ್ಲದೆ ಮುಗಿದರೆ ಕುಮಾರಪರ್ವತಕ್ಕೆ ಟಿಕೆಟ್ ಮಾಡಿ. ಮಂಡಿ ಕೈಕೊಟ್ಟರೆ ಬೀದಳ್ಳಿ.

ಚೀಲದಲ್ಲಿ ಏನಿರಬೇಕು

ಟೆಂಟ್, ಹಾಸಿಗೆ ಬೇಕಿಲ್ಲದ ಕಾರಣ ಚೀಲ ಹಗುರಾಗಿಯೇ ಇರುತ್ತದೆ. ನೀರು ಸೇರಿ ಏಳು ಕಿಲೋ ದಾಟದಂತೆ ನೋಡಿಕೊಳ್ಳಿ.

ನೀರು ಮೂರು ಲೀಟರ್ ಹಿಡಿಯುವಷ್ಟು ಬಾಟಲಿ ಬೇಕು, ಆದರೆ ಕುಕ್ಕೆಯಿಂದಲೇ ಮೂರೂ ಲೀಟರ್ ಹೊತ್ತು ಹೊರಡಬೇಡಿ. ಗಿರಿಗದ್ದೆಯವರೆಗೆ ಒಂದೂವರೆ ಸಾಕು, ಅಲ್ಲಿ ಪೂರ್ತಿ ತುಂಬಿಸಿಕೊಳ್ಳಿ. ಇನ್ನೂ ಮೇಲೆ ಸಿಗುವ ಕಲ್ಲುಮಂಟಪದ ಹತ್ತಿರದ ತೊರೆಯಲ್ಲಿ ಈ ಕಾಲದಲ್ಲಿ ನೀರಿರುತ್ತದೆ. ಅದನ್ನು ಸೋಸಿ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪು ತೆಳುವಾಗಿ ತಲೆ ಸುತ್ತು, ವಾಂತಿ ಬರಬಹುದು. ಒಂದು ಬಾಟಲಿಗೆ ಓಆರ್‌ಎಸ್ ಇರಲಿ. ಪೊಟ್ಟಣ ಮರೆತರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅದಕ್ಕೆ ಒಂದಿಷ್ಟು ಪುನರ್ಪುಳಿ ಸಾರ ಬೆರೆಸಿದರೆ ಕುಡಿಯಲು ಬೇಸರವೇ ಆಗುವುದಿಲ್ಲ.

ಬುತ್ತಿಯ ವಿಷಯದಲ್ಲಿ ನನ್ನ ಅನುಭವ ಇಷ್ಟು: ಮೊಸರನ್ನ ಈ ಸೆಖೆಗೆ ಹುಳಿ ಬರುತ್ತದೆ, ಬಿಸ್ಕತ್ತು ಗಂಟಲಿಗೆ ಇಳಿಯುವುದಿಲ್ಲ. ಹುಳಿಯವಲಕ್ಕಿ, ಚಪಾತಿ ಜೊತೆ ಚಟ್ನಿಪುಡಿ, ನಿಂಬೆಹಣ್ಣಿನ ಚಿತ್ರಾನ್ನ, ಶೇಂಗಾ ಚಿಕ್ಕಿ, ಖರ್ಜೂರ ಸಾಕು. ಗಂಟೆಗೊಮ್ಮೆ ಒಂದು ಹಿಡಿ ತಿನ್ನುತ್ತ ಹೋಗಿ. ತುದಿಯಲ್ಲಿ ಕುಳಿತು ಹೊಟ್ಟೆತುಂಬ ಉಂಡರೆ ಆಮೇಲೆ ಕಣ್ಣು ಎಳೆಯುತ್ತದೆ, ಹೊತ್ತೂ ಹೋಗುತ್ತದೆ.

ಬಟ್ಟೆ: ಹತ್ತಿಯ ಬನಿಯನ್, ಜೀನ್ಸ್ ಬಿಟ್ಟು ಬೇಗ ಒಣಗುವ ಪಾಲಿಯೆಸ್ಟರ್ ಹಾಕಿಕೊಳ್ಳಿ. ಪ್ರತಿ ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ತಾಪ ಇಳಿಯುತ್ತದೆ. ಕುಕ್ಕೆಗೂ ತುದಿಗೂ ಸುಮಾರು ಹತ್ತು ಡಿಗ್ರಿ ವ್ಯತ್ಯಾಸ, ಅದರ ಮೇಲೆ ಗಾಳಿ. ಬೆವರಿನಿಂದ ತೊಯ್ದ ಹತ್ತಿ ಬಟ್ಟೆ ಅಲ್ಲಿ ಮೈಗಂಟಿ ನಡುಕ ಹುಟ್ಟಿಸುತ್ತದೆ. ಗಾಳಿ, ಮಳೆ ಎರಡನ್ನೂ ತಡೆಯುವ ಹಗುರ ಜಾಕೆಟ್ ಒಂದು ಬೇಕು. ಹುಲ್ಲಿನ ಅಲಗು ಕೈಕಾಲು ಕೊಯ್ಯುವುದರಿಂದ ತುಂಬುದೋಳು, ಉದ್ದ ಪ್ಯಾಂಟು.

ಶೂ ಹಳೆಯದಾಗಿರಲಿ, ಅಟ್ಟೆ ಸವೆದಿರಬಾರದು. ಇಳಿಯುವಾಗ ಬೆರಳು ಮುಂದಕ್ಕೆ ಒತ್ತುವ ಕಾರಣ ಅರ್ಧ ಸೈಜು ದೊಡ್ಡದಿದ್ದರೆ ಒಳ್ಳೆಯದು. ಹಿಂದಿನ ದಿನವೇ ಕಾಲಿನ ಉಗುರು ಕತ್ತರಿಸಿ. ನಗಬೇಡಿ, ಕಪ್ಪಾಗಿ ಬಿದ್ದುಹೋದ ಎರಡು ಉಗುರು ಕಂಡವನು ಹೇಳುತ್ತಿದ್ದೇನೆ.

ಹಣೆಗೆ ಕಟ್ಟುವ ಟಾರ್ಚು ಪ್ರತಿಯೊಬ್ಬರಿಗೂ ಒಂದೊಂದು, ಹೊಸ ಸೆಲ್ ಹಾಕಿ. ಸಂಜೆಯೊಳಗೆ ಇಳಿದೇ ಇಳಿಯುತ್ತೇವೆ ಎಂದರೂ ಇರಲಿ. ಒಂದು ಸೀಟಿ, ಕ್ರೇಪ್ ಬ್ಯಾಂಡೇಜು, ಗುಳ್ಳೆಗೆ ಅಂಟಿಸುವ ಪಟ್ಟಿ, ಕಸಕ್ಕೊಂದು ಚೀಲ. ಪ್ಲಾಸ್ಟಿಕ್ಕನ್ನು ಮನೆಯಲ್ಲೇ ಬಿಚ್ಚಿಟ್ಟು ಡಬ್ಬಿಗೆ ತುಂಬಿ ತಂದರೆ ತಪಾಸಣೆಯ ಹೊತ್ತು ಉಳಿಯುತ್ತದೆ. ಊರುಗೋಲು ಒಂದಲ್ಲ, ಎರಡು.

ಇನ್ನು ಉಂಬಳ. ಕೆಲವರಿಗೆ ಇಂಬಳ, ಕೆಲವರಿಗೆ ಉಂಬಳ, ಕಚ್ಚುವುದು ಒಂದೇ ತರ. ಸಾಕ್ಸಿನ ಒಳಗೆ ಪ್ಯಾಂಟಿನ ತುದಿ ತುರುಕಿ, ಅದರ ಮೇಲೆ ಬೇವಿನೆಣ್ಣೆ ಅಥವಾ ಹೊಗೆಸೊಪ್ಪು ನೆನೆಸಿದ ನೀರು ಸವರಿ. ಹತ್ತಿದ್ದು ಕಂಡರೆ ಉಪ್ಪು ಸುರಿಯಲು, ಬೆಂಕಿ ತಾಗಿಸಲು ಹೋಗಬೇಡಿ. ಗಾಬರಿಗೆ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನ ಅಂಚನ್ನು ಅದರ ಬಾಯಿಯ ಕೆಳಗೆ ತೂರಿಸಿ ಪಕ್ಕಕ್ಕೆ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ, ಹೆದರಬೇಕಾದ್ದೇನೂ ಇಲ್ಲ.

ಹಿಂದಿನ ರಾತ್ರಿ

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು, ಬೆಳಿಗ್ಗೆ ಐದಕ್ಕೆ ಇಳಿದು, ಮುಖ ತೊಳೆದು ಬೆಟ್ಟ ಹತ್ತುವುದು ನಮ್ಮಲ್ಲಿ ರೂಢಿ. ಶಿರಾಡಿ ಘಾಟಿಯ ತಿರುವುಗಳಲ್ಲಿ ನಿದ್ದೆಯಿಲ್ಲದೆ ಒದ್ದಾಡಿ ಬಂದ ಮೈಗೆ 1,600 ಮೀಟರ್ ಏರು ಹೇಳುವುದು ನನ್ನ ಪ್ರಕಾರ ಕ್ರೂರತನ. ಹಿಂದಿನ ಮಧ್ಯಾಹ್ನವೇ ಕುಕ್ಕೆ ತಲುಪಿ. ರೈಲಿನಲ್ಲಿ ಬಂದರೆ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು, ಕುಕ್ಕೆ ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು. ಹಗಲಿನ ರೈಲಾದರೆ ಸಕಲೇಶಪುರದಿಂದ ಇಳಿಯುವ ಘಾಟಿಯ 57 ಸುರಂಗಗಳೂ ಸಿಗುತ್ತವೆ.

ಸಂಜೆ ದಾರಿ ಶುರುವಾಗುವ ಜಾಗದವರೆಗೆ ಒಮ್ಮೆ ನಡೆದು ನೋಡಿ ಬನ್ನಿ. ಬೆಳಗಿನ ಮಬ್ಬಿನಲ್ಲಿ ತೋಟದ ದಾರಿ ಯಾವುದು, ಬೆಟ್ಟದ ದಾರಿ ಯಾವುದು ಎಂದು ಹುಡುಕುತ್ತ ಅರ್ಧ ಗಂಟೆ ಕಳೆಯುವುದು ತಪ್ಪುತ್ತದೆ. ನಕ್ಷೆಯನ್ನು ಮೊಬೈಲಿಗೆ ಇಳಿಸಿಕೊಂಡು, ಮನೆಯವರಿಗೆ ಯಾವ ದಾರಿ, ಎಷ್ಟು ಜನ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂದು ಬರೆದು ಕಳಿಸಿ. ದೇವಸ್ಥಾನದ ಊಟ ಮಾಡಿ ಒಂಬತ್ತಕ್ಕೆ ಮಲಗಿ.

ಬೆಳಿಗ್ಗೆ: ಕುಕ್ಕೆಯಿಂದ ಗಿರಿಗದ್ದೆ

ಗೇಟು ತೆರೆದ ಕೂಡಲೇ ಹೊರಡಬೇಕು. ನನ್ನ ಲೆಕ್ಕ ಆರು ಗಂಟೆಗೆ.

ಮೊದಲ ಆರು ಕಿಲೋಮೀಟರ್ ಪೂರಾ ಕಾಡು. ಬೇರು, ಸಡಿಲ ಕಲ್ಲು, ಮಳೆಗಾಲದ ನೀರು ಕೊರೆದ ಕಾಲುವೆಯಂಥ ದಾರಿ. ಗಾಳಿ ಆಡುವುದಿಲ್ಲ. ಹತ್ತು ನಿಮಿಷದಲ್ಲಿ ಅಂಗಿ ತೊಯ್ಯುತ್ತದೆ. ಎಷ್ಟೋ ಜನ ಸೋಲುವುದು ಇಲ್ಲೇ, ಅದೂ ಉತ್ಸಾಹದಿಂದ. ಮೊದಲ ಅರ್ಧ ಗಂಟೆ ಓಡುವಂತೆ ಹತ್ತಿ, ಎಂಟು ಗಂಟೆಗೆ ಬಂಡೆಯ ಮೇಲೆ ಮಲಗಿಬಿಡುತ್ತಾರೆ. ಪಕ್ಕದವನ ಜೊತೆ ಪೂರ್ತಿ ವಾಕ್ಯ ಮಾತನಾಡಲು ಆಗುವಷ್ಟು ನಿಧಾನವಾಗಿ ನಡೆಯಿರಿ. ಮಾತು ತುಂಡಾಗಿ ಬಂದರೆ ವೇಗ ಹೆಚ್ಚಾಯಿತು ಎಂದು ತಿಳಿಯಿರಿ. ನಡುದಾರಿಯಲ್ಲಿ ಸಿಗುವ ಭೀಮನಬಂಡೆಯ ಹತ್ತಿರ ಐದು ನಿಮಿಷ ಕುಳಿತು ಒಂದು ಹಿಡಿ ಅವಲಕ್ಕಿ ತಿನ್ನಿ, ಕಾಲು ನೋಡಿಕೊಳ್ಳಿ. ಸದ್ದಿಲ್ಲದೆ ಕುಳಿತರೆ ಮಂಗಟ್ಟೆಯ ರೆಕ್ಕೆಯ ಬೀಸು ಕೇಳಿಸುತ್ತದೆ, ದೂರದಲ್ಲಿ ಪುಟ್ಟ ಇಂಜಿನ್ ಓಡಿದ ಹಾಗೆ. ಬ್ಲೂಟೂತ್ ಸ್ಪೀಕರ್ ಹೊತ್ತು ತರುವವರಿಗೆ ಅದು ಕೇಳಿಸಿದ್ದು ನಾನು ಕಂಡಿಲ್ಲ.

ಕಾಡು ಮುಗಿದು ಬಯಲು ಕಂಡರೆ ಅದು ಗಿರಿಗದ್ದೆ. ಗದ್ದೆ, ತೋಟ, ಭಟ್ಟರ ಮನೆ. ದಶಕಗಳಿಂದ ಚಾರಣಿಗರಿಗೆ ಅನ್ನ ಸಾರು ಬಡಿಸಿ ಹೆಸರಾದ ಮನೆ ಅದು. ಅದು ಹೋಟೆಲಲ್ಲ, ಒಂದು ಸಂಸಾರ ಇರುವ ಮನೆ. ಊಟ ಸಿಗುತ್ತದೆ ಎಂದು ನಂಬಿ ಬುತ್ತಿ ಬಿಟ್ಟು ಬರಬೇಡಿ, ಅಂಗಳಕ್ಕೆ ಹೋದರೆ ಚಪ್ಪಲಿ ಎಲ್ಲಿ ಬಿಡಬೇಕೆಂದು ಕೇಳಿ. ಹತ್ತಿರದಲ್ಲೇ ಅರಣ್ಯ ಇಲಾಖೆಯ ತಪಾಸಣಾ ಠಾಣೆ. ಬಾಟಲಿ, ಪೊಟ್ಟಣ ಎಣಿಸುತ್ತಾರೆ.

ಇಲ್ಲಿ ಗಡಿಯಾರ ನೋಡಿ. ಒಂಬತ್ತೂವರೆ ದಾಟಿದ್ದರೆ ತುದಿಯ ಆಸೆ ಬಿಡಿ. ಮುಂದಿನ ಹುಲ್ಲುಗಾವಲಿನಲ್ಲಿ ಎರಡು ಗಂಟೆ ಸುತ್ತಾಡಿ, ಕಲ್ಲುಮಂಟಪ ಮುಟ್ಟಿ ಹಿಂದಿರುಗಿ. ಅದೇನೂ ಸಣ್ಣ ಚಾರಣವಲ್ಲ.

ಗಿರಿಗದ್ದೆಯಿಂದ ಶೇಷಪರ್ವತ

ಇಲ್ಲಿಂದ ನೆರಳು ಮುಗಿಯಿತು. ಟೋಪಿ, ಕುತ್ತಿಗೆಗೆ ಒದ್ದೆ ಟವೆಲ್. ಅಕ್ಟೋಬರಿನಲ್ಲಿ ಹುಲ್ಲು ತಲೆ ಮೀರಿ ಬೆಳೆದಿರುತ್ತದೆ, ಕಾಲ ಕೆಳಗಿನ ಕಲ್ಲು ಕಾಣುವುದಿಲ್ಲ. ಮುಂದೆ ಹೋಗುವವರು ಕೋಲಿನಿಂದ ನೆಲ ತಟ್ಟುತ್ತ ನಡೆಯಲಿ. ಹಾವಿಗೆ ನೆಲದ ಅದುರು ತಿಳಿಯುತ್ತದೆ, ದಾರಿ ಬಿಡುತ್ತದೆ. ಕಾಟಿ (ಕಾಡುಕೋಣ) ಅಥವಾ ಆನೆಯ ಲದ್ದಿ ಹಸಿಯಾಗಿ ಕಂಡರೆ ಗುಂಪಾಗಿ ಮಾತಾಡುತ್ತ ಸಾಗಿ. ಬೀಡಿ, ಸಿಗರೇಟು, ಕ್ಯಾಂಪ್ ಒಲೆ ಯಾವುದೂ ಈ ಹುಲ್ಲಿನಲ್ಲಿ ಹಚ್ಚಬಾರದು. ಒಣಗಲು ಶುರುವಾದ ಹುಲ್ಲಿಗೆ ಒಂದು ಕಿಡಿ ಬಿದ್ದರೆ ಗಾಳಿ ಅದನ್ನು ಗುಡ್ಡದಿಂದ ಗುಡ್ಡಕ್ಕೆ ದಾಟಿಸುತ್ತದೆ.

ಮೂರು ಕಿಲೋಮೀಟರ್ ಹತ್ತಿದ ಮೇಲೆ ಕಲ್ಲುಮಂಟಪ. ನಾಲ್ಕು ಕಂಬದ ಹಳೆಯ ಮಂಟಪ, ಪಕ್ಕದಲ್ಲಿ ನೀರು. ಹನ್ನೊಂದೂಕಾಲರೊಳಗೆ ಇಲ್ಲಿರಬೇಕು. ಬಾಟಲಿ ಎಲ್ಲ ತುಂಬಿಸಿಕೊಳ್ಳಿ, ಮುಂದೆ ನಂಬಬಹುದಾದ ನೀರಿಲ್ಲ. ಗುಡುಗು ಬಂದರೆ ಈ ಮಂಟಪದೊಳಗೆ ಹೋಗಿ ನಿಲ್ಲಬೇಕು ಅನ್ನಿಸುತ್ತದೆ. ಸುತ್ತ ತೆರೆದ ಮಂಟಪ ಸಿಡಿಲಿಗೆ ಆಸರೆಯಲ್ಲ, ಬೋಳು ಗುಡ್ಡದಲ್ಲಿ ಎದ್ದು ನಿಂತ ಕಲ್ಲು ಅದು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಎಂದರ್ಥ. ಗುಡ್ಡದ ಬೆನ್ನಿನಿಂದ ಕೆಳಗಿಳಿದು ಗಿರಿಗದ್ದೆಯ ಕಡೆಗೆ ಹೊರಟುಬಿಡಿ. ಒಂಟಿ ಮರದ ಕೆಳಗೆ ನಿಲ್ಲಬೇಡಿ, ಕಾಡಿನ ಗುಂಪು ಮರಗಳ ನಡುವೆ ಸಾಗಿ.

ಮಂಟಪದಿಂದ ಶೇಷಪರ್ವತದವರೆಗೆ ಈ ಚಾರಣದ ಅತ್ಯಂತ ಕಡಿದಾದ ಬಯಲು ಏರು. ನಾನು ಇಲ್ಲಿ ಐವತ್ತು ಹೆಜ್ಜೆ, ಹತ್ತು ಉಸಿರು ಎಂದು ಲೆಕ್ಕ ಇಟ್ಟುಕೊಂಡು ಹತ್ತುತ್ತೇನೆ. ಏರಿದರೆ ಹೆಡೆಯಂತೆ ಚಾಚಿದ ಬಂಡೆಯ ತುದಿ, ಒಂದು ಪಕ್ಕ ನೇರ ಪ್ರಪಾತ. ಫೋಟೊಕ್ಕೆ ಅಂಚಿಗೆ ಹೋಗುವವರಿಗೆ ಒಂದು ಮಾತು: ಮಂಜಿಗೆ ಒದ್ದೆಯಾದ ಹುಲ್ಲು ಸೋಪಿನಂತೆ ಜಾರುತ್ತದೆ.

ಕೊನೆಯ ತುಂಡು

ಶೇಷಪರ್ವತವೇ ತುದಿ ಎಂದುಕೊಂಡು ಬಂದವರ ಮುಖ ಇಲ್ಲಿ ನೋಡಬೇಕು. ದಾರಿ ಮತ್ತೆ ಶೋಲಾ ಕಾಡಿನೊಳಗೆ ಇಳಿಯುತ್ತದೆ. ತಂಪು, ಪಾಚಿ, ಕುಳ್ಳ ಮರಗಳು. ಉಂಬಳ ಮತ್ತೆ ಪ್ರತ್ಯಕ್ಷ. ಆಮೇಲೆ ಕಡಿದಾದ ಬಂಡೆ. ಒಣಗಿದ್ದರೆ ಕೈ ಊರಿ ಹತ್ತಬಹುದು. ನೀರು ಜಿನುಗುತ್ತಿದ್ದರೆ ಕೋಲನ್ನು ಚೀಲಕ್ಕೆ ಸಿಕ್ಕಿಸಿ, ಎರಡು ಕೈ, ಎರಡು ಕಾಲಲ್ಲಿ ಯಾವಾಗಲೂ ಮೂರು ಊರಿರುವಂತೆ ಹತ್ತಿ. ಒಬ್ಬರು ಪೂರ್ತಿ ದಾಟುವವರೆಗೆ ಇನ್ನೊಬ್ಬರು ಕೆಳಗಿನಿಂದ ಹತ್ತಬಾರದು.

ತುದಿಯಲ್ಲಿ ಕಲ್ಲಿನ ಪುಟ್ಟ ಗುಡಿ, ಲಿಂಗ. ತಾರಕಾಸುರನನ್ನು ಕೊಂದ ಕುಮಾರಸ್ವಾಮಿ ಈ ಬೆಟ್ಟಕ್ಕೆ ಬಂದ, ಕುಮಾರಧಾರೆಯ ತೀರದಲ್ಲಿ ದೇವಸೇನೆಯನ್ನು ವರಿಸಿದ ಎಂಬುದು ಸ್ಥಳಪುರಾಣ. ಇದೇ ಗಿರಿಯಲ್ಲಿ ಹುಟ್ಟಿದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ಒಂದು ಗಂಟೆ

ಎಲ್ಲೇ ಇರಿ, ಮಧ್ಯಾಹ್ನ ಒಂದಕ್ಕೆ ತಿರುಗಿ. ತುದಿ ಇನ್ನೂರು ಮೀಟರ್ ದೂರದಲ್ಲಿ ಕಾಣುತ್ತಿದ್ದರೂ ತಿರುಗಿ. ಈ ಹೊತ್ತನ್ನು ಹಿಂದಿನ ರಾತ್ರಿಯೇ ಗುಂಪಿನಲ್ಲಿ ಎಲ್ಲರೂ ಒಪ್ಪಿಕೊಂಡು, ಮೊಬೈಲಿನಲ್ಲಿ ಅಲಾರಂ ಇಟ್ಟಿರಬೇಕು. ಬೆಟ್ಟದ ಮೇಲೆ ಚರ್ಚೆಗೆ ಕುಳಿತರೆ "ಇಷ್ಟು ದೂರ ಬಂದು..." ಎನ್ನುವವನೇ ಗೆಲ್ಲುತ್ತಾನೆ. ನಮ್ಮ ಮೊದಲ ಚಾರಣದಲ್ಲಿ ಹಾಗೆಂದವನು ನಾನೇ.

ಗುಂಪಿನಲ್ಲಿ ಒಬ್ಬರಿಗೆ ಆಗದಿದ್ದರೆ ಅವರನ್ನು ದಾರಿಯಲ್ಲಿ ಕೂರಿಸಿ ಉಳಿದವರು ಮುಂದೆ ಹೋಗುವ ಪದ್ಧತಿಯೂ ಇದೆ. ಬೇಡ. ಮಂಜು ಮುಚ್ಚಿದರೆ ಕೂತ ಜಾಗ ಸಿಗುವುದಿಲ್ಲ. ಅವರ ಜೊತೆ ಇನ್ನೊಬ್ಬರು ಕೆಳಗಿಳಿಯಲಿ.

ಇಳಿಯುವುದು

ಇಳಿಯುವ ಮೊದಲು ಶೂ ಲೇಸನ್ನು ಬಿಚ್ಚಿ ಹಿಮ್ಮಡಿ ಹಿಂದಕ್ಕೆ ಒತ್ತಿ ಮತ್ತೆ ಬಿಗಿಯಾಗಿ ಕಟ್ಟಿ. ಕೋಲುಗಳನ್ನು ಹತ್ತುವಾಗಿನದ್ದಕ್ಕಿಂತ ಒಂದು ಗೇಣು ಉದ್ದ ಮಾಡಿ. ಹೆಜ್ಜೆ ಚಿಕ್ಕದಿರಲಿ, ಮಂಡಿ ಸ್ವಲ್ಪ ಮಡಚಿರಲಿ. ಉದ್ದ ಹೆಜ್ಜೆ ಹಾಕಿ ಕಾಲು ನೆಟ್ಟಗೆ ಊರಿದರೆ ಭಾರವೆಲ್ಲ ಮಂಡಿಚಿಪ್ಪಿಗೆ. ಕಡಿದಾದ ಹುಲ್ಲಿನ ಇಳಿಜಾರಿನಲ್ಲಿ ನೇರ ಇಳಿಯದೆ ದಾರಿಯೊಳಗೇ ಎಡಬಲ ಓರೆಯಾಗಿ ಇಳಿಯಿರಿ. ಅಡ್ಡದಾರಿ ಕಂಡರೂ ಹಿಡಿಯಬೇಡಿ. ಮಳೆ ನೀರು ಅದೇ ದಾರಿಯಲ್ಲಿ ಮಣ್ಣು ಕೊಚ್ಚುತ್ತದೆ, ನೀವೂ ದಾರಿ ತಪ್ಪುತ್ತೀರಿ.

ಮೂರೂವರೆ, ನಾಲ್ಕರ ಹೊತ್ತಿಗೆ ಗಿರಿಗದ್ದೆ. ಕೂರಲು ಹತ್ತೇ ನಿಮಿಷ. ಅಷ್ಟರಲ್ಲಿ ಸಾಕ್ಸ್ ಬದಲಿಸಿ, ಚಿಕ್ಕಿ ತಿಂದು, ಟಾರ್ಚನ್ನು ಚೀಲದ ಮೇಲಿನ ಜೇಬಿಗೆ ತನ್ನಿ. ಹೊರಗೆ ಬಿಸಿಲಿದ್ದರೂ ಕಾಡಿನೊಳಗೆ ಐದೂಕಾಲಕ್ಕೇ ಮಬ್ಬು. ಮಬ್ಬು ಶುರುವಾದ ಕೂಡಲೇ ಟಾರ್ಚು ಹಚ್ಚಿ, ಪೂರ್ತಿ ಕತ್ತಲಾಗಲಿ ಎಂದು ಕಾಯಬೇಡಿ. ಹೆಚ್ಚು ಜನ ಕಾಲು ಉಳುಕಿಸಿಕೊಳ್ಳುವುದನ್ನು ನಾನು ಕಂಡದ್ದು ಈ ಕೊನೆಯ ಎರಡು ಕಿಲೋಮೀಟರಿನಲ್ಲಿ. ದಾರಿ ಸುಲಭವಾಗಿರುತ್ತದೆ, ಮನಸ್ಸು ಆಗಲೇ ಕುಕ್ಕೆಯ ಹೋಟೆಲಿನ ಬಿಸಿ ಕಾಫಿಯಲ್ಲಿರುತ್ತದೆ.

ಕಾಲು ಉಳುಕಿದರೆ ಶೂ ಬಿಚ್ಚದೆ ಅದರ ಮೇಲೆಯೇ ಬ್ಯಾಂಡೇಜು ಸುತ್ತಿ, ಇಬ್ಬರು ಆಸರೆ ಕೊಟ್ಟು ಇಳಿಸಿ. ಬಿಚ್ಚಿದ ಶೂ ಊದಿದ ಕಾಲಿಗೆ ಮತ್ತೆ ಹಿಡಿಯುವುದಿಲ್ಲ. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲುಗದಂತೆ ಕೋಲು ಕಟ್ಟಿ, ಸಾಧ್ಯವಾದಷ್ಟೂ ನಡೆಸದೆ ಎತ್ತಿಕೊಂಡೇ ಸಾಗಿಸಿ. ಸಿಗ್ನಲ್ ಸಿಕ್ಕಲ್ಲಿ 112ಕ್ಕೆ ಕರೆ ಮಾಡಿ, ತಪಾಸಣಾ ಠಾಣೆಗೆ ಒಬ್ಬರನ್ನು ಓಡಿಸಿ. ಸೀಟಿಯ ಕರೆ ಆರು ಊದು, ಒಂದು ನಿಮಿಷ ಬಿಡುವು, ಮತ್ತೆ ಆರು.

ಕುಕ್ಕೆಗೆ ಬಂದ ಮೇಲೆ

ಮೊದಲು ಮನೆಗೆ ಫೋನು ಮಾಡಿ. ಆಮೇಲೆ ಉಪ್ಪು ಖಾರ ಇರುವ ಬಿಸಿ ಊಟ. ಕುಮಾರಧಾರೆಯ ಸ್ನಾನಘಟ್ಟದಲ್ಲಿ ಕಾಲು ಇಳಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಕತ್ತಲಲ್ಲಿ, ಅದೂ ಸೋತ ಕಾಲಲ್ಲಿ ಹೊಳೆಗೆ ಇಳಿಯಬೇಡಿ, ಬೆಳಿಗ್ಗೆ ಹೋಗಿ. ರಾತ್ರಿ ಬಸ್ಸಿಗೇ ಹೊರಡುವವರು ಗಂಟೆಗೊಮ್ಮೆ ಕಾಲು ಆಡಿಸುತ್ತಿರಿ. ಎರಡು ದಿನ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದರೆ ತೊಡೆಗೆ ಆರಾಮ. ನೋಡಿದವರು ನಕ್ಕರೆ ನಗಲಿ.

ಬಸ್ಸು ಹತ್ತುವ ಮುಂಚೆ ಇನ್ನೊಂದು ಕೆಲಸ ಇದೆ. ಚೀಲವನ್ನು ದೀಪದ ಕೆಳಗೆ ತಲೆಕೆಳಗು ಮಾಡಿ ಕೊಡವಿ, ಪಟ್ಟಿಗಳ ಮಡಿಕೆ, ಶೂನ ನಾಲಿಗೆಯ ಹಿಂದೆ, ಟೋಪಿಯ ಒಳಗೆ ನೋಡಿ. ಒಮ್ಮೆ ನನ್ನ ಚೀಲದಿಂದ ಇಳಿದ ಉಂಬಳವೊಂದು ಸ್ಲೀಪರ್ ಬಸ್ಸಿನಲ್ಲಿ ಕೆಳಗಿನ ಸೀಟಿನ ಪ್ರಯಾಣಿಕರನ್ನು ಹಾಸನದ ಹತ್ತಿರ ಎಬ್ಬಿಸಿತು. ಅವರು ಬೆಂಗಳೂರು ಬರುವವರೆಗೂ ನನ್ನ ಜೊತೆ ಮಾತಾಡಲಿಲ್ಲ.